ಒಬ್ಬ ಬಾಣಂತಿಯ ಕೇಸು, ಒಂದು ಲೋಟ ಕಷಾಯ: ಸಂಪಾದಕರ ಉತ್ತರ

ಹೊಸನಗರ ತಾಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಖಾರವಾದ ಪತ್ರ ಬರೆದಿದ್ದಾರೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಹೆಂಗಸೊಬ್ಬರು ಹಲವು ವರ್ಷ ನಿತ್ರಾಣದಲ್ಲೇ ಬದುಕಿ, ಕೊನೆಗೆ ಅದು ಪಿಟ್ಯುಟರಿ ಗ್ರಂಥಿಯ ತೊಂದರೆ ಎಂದು ಗೊತ್ತಾದ ಪ್ರಕರಣವನ್ನು ಕಳೆದ ಸಂಚಿಕೆಯಲ್ಲಿ ವೈದ್ಯರೊಬ್ಬರು ಬರೆದಿದ್ದರು. ಅದನ್ನು ಓದಿ ಮೇಷ್ಟ್ರು ಕೇಳುತ್ತಾರೆ: "ಒಬ್ಬ ಹೆಂಗಸಿನ ಕಥೆಗೆ ನಾಲ್ಕು ಪುಟ ಕೊಟ್ಟಿರಿ. ನನ್ನ ಭಾವ ಮಧುನಾಶಿನಿ ಕಷಾಯ ಕುಡಿದು ಶುಗರ್ 260ರಿಂದ 130ಕ್ಕೆ ಇಳಿಸಿಕೊಂಡದ್ದನ್ನು ಬರೆದು ಕಳಿಸಿದರೆ, ಒಬ್ಬರ ಅನುಭವ ಸಾಲದು ಅಂತ ವಾಪಸ್ ಕಳಿಸಿದಿರಿ. ಡಾಕ್ಟರು ಹೇಳಿದರೆ ಕೇಸ್ ಸ್ಟಡಿ, ನಾವು ಹೇಳಿದರೆ ಅಂತೆಕಂತೆಯೇ? ಆ ಹೆಂಗಸಿನ ಹೆಸರಿಲ್ಲ, ಊರಿಲ್ಲ. ನಂಬುವುದು ಹೇಗೆ?"

ಮೇಷ್ಟ್ರೇ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಾದ ಪ್ರಶ್ನೆಯೊಂದಿದೆ. ಎರಡೂ ಒಬ್ಬೊಬ್ಬರ ಕಥೆಗಳೇ. ಆದರೆ ಅವು ಮಾಡುತ್ತಿರುವ ಕೆಲಸ ಬೇರೆ ಬೇರೆ. ಡಾಕ್ಟರ ಲೇಖನ "ಹೀಗೂ ಆಗಬಹುದು, ನಿಮ್ಮ ಕಣ್ಣಮುಂದೆಯೂ ಇದ್ದೀತು, ನೋಡಿ" ಅನ್ನುತ್ತದೆ. ಭಾವನವರ ಬರಹ "ಇದನ್ನು ಕುಡಿಯಿರಿ, ವಾಸಿಯಾಗುತ್ತದೆ" ಅನ್ನುತ್ತದೆ. ಮೊದಲನೆಯದಕ್ಕೆ ಸರಿಯಾಗಿ ನೋಡಿದ ಒಬ್ಬರು ಸಾಕು. ಎರಡನೆಯದಕ್ಕೆ ನೂರಾರು ಜನ ಬೇಕು.

ಆ ಹೆಂಗಸಿನ ಕಾಯಿಲೆಗೆ ಶೀಹನ್ ಸಿಂಡ್ರೋಮ್ ಎಂದು ಹೆಸರು. 1937ರಲ್ಲಿ ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿದ್ದ ಹೆರಾಲ್ಡ್ ಶೀಹನ್, ಹೆರಿಗೆಯ ನಂತರ ಸತ್ತವರ ಶವಪರೀಕ್ಷೆ ಮಾಡುತ್ತಾ ಅದನ್ನು ವಿವರಿಸಿದರು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಒಂದು ಗ್ರಾಂ ಕೂಡ ತೂಗುವುದಿಲ್ಲ, ಆದರೆ ಥೈರಾಯ್ಡು, ಅಡ್ರಿನಲ್, ಅಂಡಾಶಯ ಎಲ್ಲಕ್ಕೂ ಅಪ್ಪಣೆ ಕೊಡುವುದು ಅದೇ. ಬಸಿರಿನಲ್ಲಿ ಅದು ಊದಿ ದೊಡ್ಡದಾಗುತ್ತದೆ. ಹೆರಿಗೆಯಲ್ಲಿ ರಕ್ತ ಹರಿದು ಬಿಪಿ ಒಮ್ಮೆಲೇ ಕುಸಿದರೆ, ಬೆಳೆದ ಗ್ರಂಥಿಗೆ ರಕ್ತ ಸಾಲದೆ ಅದರ ಭಾಗ ಸಾಯುತ್ತದೆ. ತಾಯಿ ಉಳಿದಳಲ್ಲ ಎಂಬ ಸಮಾಧಾನದಲ್ಲಿ ಮನೆಯವರು ಉಳಿದದ್ದನ್ನು ಗಮನಿಸುವುದಿಲ್ಲ. ಎದೆಹಾಲು ಇಳಿಯುವುದಿಲ್ಲ. ಮುಟ್ಟು ಮರಳುವುದಿಲ್ಲ. ಕಂಕುಳ ಕೂದಲು ಉದುರುತ್ತದೆ, ಬಿಸಿಲಲ್ಲೂ ಚಳಿ, ಒಂದು ಕೊಡ ನೀರು ಎತ್ತಲೂ ಆಗದ ಸುಸ್ತು. "ಬಾಣಂತನ ಸರಿಯಾಗಲಿಲ್ಲ, ಅದಕ್ಕೇ ಹೀಗೆ" ಎಂದು ಮನೆಯವರು, "ರಕ್ತ ಕಮ್ಮಿ" ಎಂದು ಟಾನಿಕ್ ಬರೆಯುವವರು. ಹೀಗೆ ಹತ್ತು ವರ್ಷ ಕಳೆದುಹೋಗುವುದು ಅಪರೂಪವಲ್ಲ. ಒಂದು ದಿನ ಸಣ್ಣ ಜ್ವರವೋ ವಾಂತಿಯೋ ಬರುತ್ತದೆ, ರಕ್ತದ ಸೋಡಿಯಂ ಕುಸಿದು ಪ್ರಜ್ಞೆ ತಪ್ಪುತ್ತದೆ.

ನಾಲ್ಕು ಪುಟ ಕೊಟ್ಟದ್ದು ಮುಂದಿನ ಎರಡು ಮಾತಿಗಾಗಿ. ಸಾಮಾನ್ಯ ಥೈರಾಯ್ಡ್ ಕೊರತೆಯಲ್ಲಿ, ಥೈರಾಯ್ಡಿಗೆ ಅಪ್ಪಣೆ ಒಯ್ಯುವ ಟಿಎಸ್‌ಎಚ್ ಎಂಬ ಹಾರ್ಮೋನು ಏರುತ್ತದೆ. ಟಿಎಸ್‌ಎಚ್ ತಯಾರಿಸುವ ಪಿಟ್ಯುಟರಿಯೇ ಸತ್ತಿದ್ದರೆ ಅದು ಏರುವುದೆಲ್ಲಿಂದ? ರಿಪೋರ್ಟಿನಲ್ಲಿ 'ನಾರ್ಮಲ್' ಎಂದೇ ಇರಬಹುದು. ಥೈರಾಯ್ಡೇ ತಯಾರಿಸುವ ಟಿ4 ಹಾರ್ಮೋನನ್ನೂ ನೋಡದಿದ್ದರೆ ಕಾಯಿಲೆ ಆ ಕಾಗದದ ಹಿಂದೆಯೇ ಅಡಗಿ ಕೂರುತ್ತದೆ. ಇನ್ನೊಂದು, ಥೈರಾಯ್ಡ್ ಕಮ್ಮಿ ಎಂದು ಪತ್ತೆಯಾದ ಕೂಡಲೇ ಥೈರಾಕ್ಸಿನ್ ಮಾತ್ರೆ ಶುರುಮಾಡುವ ಹಾಗಿಲ್ಲ. ಅಡ್ರಿನಲ್ ಗ್ರಂಥಿ ಕೊಡುವ ಕಾರ್ಟಿಸಾಲ್ ಹಾರ್ಮೋನು ಕೂಡ ಇಲ್ಲದ ಮೈಗೆ ಮೊದಲು ಸ್ಟೆರಾಯ್ಡ್ ಕೊಡಬೇಕು. ಹಿಂದುಮುಂದಾದರೆ ಜೀವಕ್ಕೇ ಅಪಾಯ. ಇಷ್ಟನ್ನು ಓದಿದ ತೀರ್ಥಹಳ್ಳಿಯ ಒಬ್ಬ ಡಾಕ್ಟರೋ ಕೊಪ್ಪದ ಒಬ್ಬ ನರ್ಸೋ ಮುಂದಿನ ಸಲ ನಿತ್ರಾಣದ ಹೆಂಗಸಿಗೆ "ಕೊನೆಯ ಮಗುವಿಗೆ ಹಾಲು ಬಂದಿತ್ತೇನಮ್ಮ?" ಎಂದು ಕೇಳಿದರೆ ಆ ಪುಟಗಳು ಸಾರ್ಥಕ.

ಒಂದು ಕೇಸಿನಿಂದ ಹುಟ್ಟಿದ ಪ್ರಶ್ನೆಗೆ ಲೆಕ್ಕ ಸಿಗುವುದು ಹೇಗೆ ಎಂಬುದಕ್ಕೂ ಉದಾಹರಣೆ ಇಲ್ಲೇ ಇದೆ. ಆಸ್ಪತ್ರೆ ದೂರವಿರುವ ಇನ್ನೊಂದು ಗುಡ್ಡಗಾಡು ಕಾಶ್ಮೀರದಲ್ಲಿ ವೈದ್ಯರು ಊರೂರಿನ ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಇಪ್ಪತ್ತು ದಾಟಿದ, ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಈ ತೊಂದರೆ ಇರಬಹುದೆಂಬ ಅಂದಾಜು ಅದರಲ್ಲಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೆರಿಗೆ ಮನೆಯಲ್ಲಿ ಆಗಿತ್ತು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಮನೆಯಲ್ಲೇ ಹೆತ್ತ ನಮ್ಮ ಅಮ್ಮಂದಿರು, ಅತ್ತಿಗೆಯಂದಿರು ಎಷ್ಟು ಜನ ಹೀಗೆ 'ಸೋಮಾರಿ' ಅನ್ನಿಸಿಕೊಂಡು ಬದುಕಿದರೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಭಾವನವರ ವಿಷಯ. ಅವರ ಶುಗರ್ ಇಳಿದದ್ದು ನಿಜವೆಂದೇ ಒಪ್ಪುತ್ತೇನೆ. ಯಾಕೆ ಇಳಿಯಿತು ಎಂಬುದು ಪ್ರಶ್ನೆ. 260 ಊಟವಾದ ಮೇಲಿನದೋ, ಖಾಲಿಹೊಟ್ಟೆಯದೋ? 130 ಯಾವ ಹೊತ್ತಿನದು? ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮಾಡಿಸಿದ್ದಾರೆಯೇ? ನಿಮ್ಮ ಪತ್ರದ ಅಂಚಿನಲ್ಲಿ ನೀವೇ ಬರೆದಿದ್ದೀರಿ, ಅವರು ಸಿಹಿ ಬಿಟ್ಟಿದ್ದಾರೆ, ದಿನಾ ಬೆಳಿಗ್ಗೆ ತೋಟ ಸುತ್ತುತ್ತಾರೆ, ಹಳೆಯ ಮಾತ್ರೆಯನ್ನೂ "ಸುಮ್ಮನೆ" ನುಂಗುತ್ತಿದ್ದಾರೆ ಎಂದು. ಹಾಗಾದರೆ ಯಶಸ್ಸು ಯಾವುದರದು? ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪು ಮಾಡಿ ಸುಮಾರು ಮೂರು ವರ್ಷ ಗಮನಿಸಿ, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಏನೂ ವಿಶೇಷ ಮಾಡದ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ ಮತ್ತು ನಡಿಗೆ ಬದಲಿಸಿದ ಗುಂಪಿನಲ್ಲಿ ಸುಮಾರು 39. ತೋಟ ಸುತ್ತುವುದಕ್ಕೆ ಅಷ್ಟು ಶಕ್ತಿ ಇರುವಾಗ ಎಲ್ಲ ಶ್ರೇಯಸ್ಸನ್ನೂ ಕಷಾಯದ ಲೋಟಕ್ಕೇ ಕೊಡುವುದು ಹೇಗೆ?

ನೀವು ಅಡಿಕೆ ಬೆಳೆಗಾರರು. ಔಷಧಿ ಹೊಡೆಯದ ಒಂದು ಮರ ಕೊಳೆರೋಗ ಬರದೆ ಉಳಿಯಿತು ಎಂದು ಮುಂದಿನ ಮಳೆಗಾಲಕ್ಕೆ ಇಡೀ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಬಿಡುತ್ತೀರಾ? ಆ ವರ್ಷದ ಮಳೆ ಹೇಗಿತ್ತು, ಪಕ್ಕದ ಮರಗಳ ಗತಿ ಏನಾಯಿತು ಎಂದು ನೋಡಿಯೇ ನೋಡುತ್ತೀರಿ. ಕಷಾಯ ಕುಡಿದೂ ಶುಗರ್ ಇಳಿಯದವರು ಪತ್ರಿಕೆಗೆ ಬರೆಯುವುದಿಲ್ಲ, ಮೇಷ್ಟ್ರೇ. ಅವರು ಎಷ್ಟು ಜನ ಎಂದು ತಿಳಿಯದೆ ಇಳಿದವರೊಬ್ಬರ ಲೆಕ್ಕ ಇಟ್ಟುಕೊಂಡು ಏನು ಹೇಳಲಿ?

ಸೊಪ್ಪು ಬೇರಿನ ಮೇಲೆ ನನಗೆ ತಾತ್ಸಾರವಿಲ್ಲ. ಮಧುನಾಶಿನಿ ಎಲೆ ಜಗಿದರೆ ನಾಲಿಗೆಗೆ ಸ್ವಲ್ಪ ಹೊತ್ತು ಸಿಹಿ ತಿಳಿಯದೆ ಹೋಗುವುದು ಸತ್ಯ. ಭಾವನವರು ನುಂಗುತ್ತಿರುವ ಮಾತ್ರೆ ಮೆಟ್ಫಾರ್ಮಿನ್ ಆಗಿದ್ದರೆ ಅದರ ಮೂಲವೂ ಗಲೀಗ ಎಂಬ ಯುರೋಪಿನ ಗಿಡವೇ. ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು 1957ರಲ್ಲಿ ವರದಿ ಮಾಡಿದರು. ಅದರ ಯೋಗ್ಯತೆ ಗಟ್ಟಿಯಾಗಿ ತೀರ್ಮಾನವಾದದ್ದು ಮಾತ್ರ 1998ರಲ್ಲಿ, ಬ್ರಿಟನ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನ ಮುಗಿದಾಗ. ಶುಗರ್ ಇಳಿದ ಮಾತ್ರಕ್ಕೆ ಒಳ್ಳೆಯದಾಯಿತು ಅನ್ನಲೂ ಬರುವುದಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಇಳಿಸಿದ ಗುಂಪಿನಲ್ಲೇ ಸಾವು ಹೆಚ್ಚಾಯಿತೆಂದು 2008ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಒಬ್ಬಿಬ್ಬರನ್ನು ನೋಡಿ ಈ ಅಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ.

ಹೆಸರು, ಊರು ಯಾಕಿಲ್ಲ ಎಂದು ಕೇಳಿದಿರಿ. ನಮ್ಮ ಕಡೆ "ಹೊಳೆಯಾಚೆಯ ಊರಿನ ನಲವತ್ತರ ಹೆಂಗಸು, ಮೂರು ಮಕ್ಕಳು" ಎಂದರೆ ಸಾಕು, ಸಂಜೆಯೊಳಗೆ ಅದು ಯಾರೆಂದು ಬಸ್‌ಸ್ಟ್ಯಾಂಡಿಗೆ ಗೊತ್ತಾಗುತ್ತದೆ. ಮುಟ್ಟು ನಿಂತದ್ದು, ಮತ್ತೆ ಮಕ್ಕಳಾಗದಿದ್ದದ್ದು ಎಲ್ಲ ಬೀದಿಗೆ ಬರುತ್ತದೆ. ಸೊರಬದ ಕ್ಯಾಸನೂರು 1957ರಿಂದ ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಹೆಸರಾಗಿ ನಿಂತಿದೆ. ಸಾಗರ ತಾಲೂಕಿನ ಹಂದಿಗೋಡು ಮೂಳೆ-ಕೀಲುಗಳ ಕಾಯಿಲೆಯ ಹೆಸರಾಯಿತು. ಮೊದಲು ಗದ್ದೆಯ ಏಡಿ, ಕೀಟನಾಶಕ ಎಂದೆಲ್ಲ ಅನುಮಾನಪಟ್ಟು, ಆಮೇಲೆ ಅದು ವಂಶವಾಹಿಯಿಂದ ಬರುವುದೆಂದು ಕಂಡುಕೊಂಡರು. ಕಾರಣ ಬದಲಾಯಿತು, ಅಂಟಿದ ಊರಿನ ಹೆಸರು ಬದಲಾಗಲಿಲ್ಲ. ಈ ಹೆಂಗಸಿನ ಲಿಖಿತ ಒಪ್ಪಿಗೆ ಪಡೆದು, ಲೇಖನವನ್ನು ಅವರಿಗೆ ಓದಿ ಹೇಳಿಯೇ ಅಚ್ಚಿಗೆ ಕೊಟ್ಟೆವು. ಗುರುತು ಸಿಗುವ ವಿವರಗಳನ್ನು ತೆಗೆದೆವು, ಆದರೆ ಒಂದನ್ನೂ ತಿರುಚಲಿಲ್ಲ. ನಂಬಿಕೆಗೆ ಬೇಕಾದದ್ದು, ಅಂದರೆ ಪರೀಕ್ಷೆಯ ಅಂಕಿಗಳು, ಮಾತ್ರೆಯ ಪ್ರಮಾಣ, ಕೊಟ್ಟ ಮೇಲೆ ಏನಾಯಿತು ಎಂಬುದು, ಎಲ್ಲ ಅಲ್ಲಿದೆ.

ಸಾಮಾನ್ಯರ ಕಾಗದಪತ್ರಗಳಿಗೆ ಬೆಲೆಯಿಲ್ಲವೆಂದು ಮಾತ್ರ ತಿಳಿಯಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಆ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ, ಹುಟ್ಟುವಾಗಿನ ಮೈಗೂ ನಡುವಯಸ್ಸಿನ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಸಂಶೋಧಕರು ಕಂಡುಕೊಂಡರು. ಬರೆದಿಟ್ಟ ದಾದಿಯರಿಗೆ ಮುಂದೆ ಅದು ಯಾವ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ.

ಆದ್ದರಿಂದ ಭಾವನವರಿಗೆ ಹೇಳಿ. ಹಳೆಯ ಲ್ಯಾಬ್ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಲಿ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಕಷಾಯ ಶುರುವಾದದ್ದು ಯಾವತ್ತು, ಆಗಿನ ತೂಕ ಎಷ್ಟು, ಈಗೆಷ್ಟು ಎಂದು ಬರೆಯಲಿ. ಒಂದು ಎಚ್‌ಬಿಎ1ಸಿ ಮಾಡಿಸಲಿ. ಅಲ್ಲಿಯವರೆಗೆ ಮಾತ್ರೆಯನ್ನು ತಾವಾಗಿ ಬಿಡುವುದು ಬೇಡ. ಕಷಾಯದ ವಿಷಯವನ್ನು ಡಾಕ್ಟರ ಹತ್ತಿರ ಮುಚ್ಚಿಡುವುದೂ ಬೇಡ, ಕೆಲವು ಮಾತ್ರೆಗಳ ಜೊತೆ ಸೇರಿದರೆ ಶುಗರ್ ಅಪಾಯಕ್ಕೆ ಇಳಿಯಬಹುದು. ಇಷ್ಟನ್ನೂ ನಮಗೆ ಕಳಿಸಿ. ಹಾರ್ಮೋನು ತಜ್ಞರೊಬ್ಬರಿಗೂ ಆಯುರ್ವೇದ ವೈದ್ಯರೊಬ್ಬರಿಗೂ ತೋರಿಸುತ್ತೇನೆ. ಭಾವನವರು ಒಪ್ಪಿದರೆ ಅವರಿಬ್ಬರ ಅಭಿಪ್ರಾಯದೊಂದಿಗೆ, ಹೆಸರು ಬಿಟ್ಟು, ಪೂರ್ತಿ ಪ್ರಕಟಿಸುತ್ತೇವೆ.