ಅಲಾಸ್ಕಾ ಕ್ರೂಸ್‌ಗೆ ಯಾವ ಬಟ್ಟೆ?

ಪ್ರಶ್ನೆ: ಜುಲೈನಲ್ಲಿ ಮನೆಮಂದಿಯೆಲ್ಲ ಅಲಾಸ್ಕಾ ಕ್ರೂಸ್‌ಗೆ ಹೊರಟಿದ್ದೇವೆ. ಬೇಸಿಗೆ ಅಂತಾರೆ, ಚಳಿ ಅಂತಾರೆ, ಮಳೆ ಅಂತಾರೆ. ಒಂದು ದಪ್ಪ ಕೋಟು ತಗೊಂಡರೆ ಸಾಕಾ?

ಉತ್ತರ: ಆ ಕೋಟನ್ನು ಮನೆಯಲ್ಲೇ ಬಿಡಿ. ಜುಲೈ ಮಧ್ಯಾಹ್ನ ಅಲಾಸ್ಕಾದ ರಾಜಧಾನಿ ಜೂನೋದಲ್ಲಿ 17–18 ಡಿಗ್ರಿ ಸೆಲ್ಸಿಯಸ್ ಇರುವುದು ಸಾಮಾನ್ಯ, ಕೋಟು ಹಾಕಿದರೆ ಬೆವರುತ್ತೀರಿ. ಆದರೆ ಹಡಗು ಹಿಮನದಿಯ ಹತ್ತಿರ ಹೋದಾಗ ಹಿಮದ ಮೇಲಿಂದ ಬರುವ ಗಾಳಿಗೆ ಡೆಕ್ ಮೇಲೆ ನಿಂತವರ ಹಲ್ಲು ಕಟಕಟ ಅನ್ನುತ್ತದೆ, ಅಲ್ಲಿಂದ ಒಳಗೆ ಬಂದರೆ ಮತ್ತೆ ಬೆಚ್ಚಗೆ. ಹಾಗಾಗಿ ಬೇಕೆಂದಾಗ ಹಾಕಿ ತೆಗೆಯುವಂಥ ಪದರಗಳೇ ಸರಿ. ಮೈಗೆ ಉಣ್ಣೆ ಅಥವಾ ಪಾಲಿಯೆಸ್ಟರ್‌ನ ತೆಳು ಅಂಗಿ, ಅದರ ಮೇಲೆ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಹಗುರ, ಬೆಚ್ಚನೆಯ ಮೇಲಂಗಿ), ಎಲ್ಲದರ ಮೇಲೆ ಟೋಪಿ ಇರುವ ಮಳೆ ಜಾಕೆಟ್. ಜಾಕೆಟ್ ಕೊಂಚ ಸಡಿಲ ಇರಲಿ, ಒಳಗೆ ಫ್ಲೀಸ್ ಹಿಡಿಸಬೇಕಲ್ವಾ.

ದುಡ್ಡು ಜಾಸ್ತಿ ಹಾಕುವುದಿದ್ದರೆ ಆ ಜಾಕೆಟ್‌ಗೇ ಹಾಕಿ. ಅಲಾಸ್ಕಾದ ಬಂದರು ಊರು ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಗಾಳಿ ಜೋರಿದ್ದರೆ ಕೊಡೆ ಉಲ್ಟಾ ಆಗುತ್ತದೆ, ಸುಮ್ನೆ ಭಾರ. ಜೀನ್ಸ್ ಒಂದು ಸಾಕು, ನೆನೆದರೆ ಕ್ಯಾಬಿನ್ನಿನಲ್ಲಿ ಬೇಗ ಒಣಗುವುದಿಲ್ಲ. ಬೂಟು ಮಾತ್ರ ಎರಡು ಜೊತೆ ಬೇಕೇಬೇಕು, ಕಾಲುಚೀಲವೂ ಧಾರಾಳ ಇರಲಿ.

ಗ್ಲೌಸ್, ಉಣ್ಣೆ ಟೋಪಿಯನ್ನು ಕೈಚೀಲದಲ್ಲೇ ಇಡಿ. ಈಜುಡುಗೆ ಮರೆಯಬೇಡಿ, ಬಿಸಿನೀರಿನ ಕೊಳ ಬಹಳ ಹಡಗುಗಳಲ್ಲಿ ಇರುತ್ತದೆ. ಸಂಜೆ ಊಟಕ್ಕೆ ಒಂದು ಒಳ್ಳೆಯ ಡ್ರೆಸ್ ಸಾಕು, ಸುಕ್ಕಾಗದ್ದನ್ನೇ ಆರಿಸಿ. ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆ ತರಲು ಹಡಗಿನವರು ಸಾಮಾನ್ಯವಾಗಿ ಬಿಡುವುದಿಲ್ಲ.