ಕಲ್ಲಿನ ಗೋಡೆ ದಾಟದ ವೈಫೈಗೆ ದುಬಾರಿ ರೂಟರ್ ಬೇಕಾ?

ಪ್ರಶ್ನೆ: ನಮ್ಮದು ಹಳೇ ಕಲ್ಲಿನ ಮನೆ. ಮುಂದೆ ಪಡಸಾಲೆ, ಹಿಂದೆ ಎರಡು ಕೋಣೆ. ಮಗಳು ಹಿಂದಿನ ಕೋಣೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಾಳೆ. ಮನೆಯವರದು ಖಣದ ವ್ಯಾಪಾರ, ಗಿರಾಕಿಗಳಿಗೆ ದಿನಾ ವಿಡಿಯೊ ಕಳಿಸಬೇಕು. ಸಂಜೆ ಎಲ್ಲರೂ ಟಿವಿ ನೋಡುತ್ತೇವೆ. ತಿಂಗಳಿಗೆ 500 ರೂಪಾಯಿ ಮೀರಬಾರದು. ಕೇಬಲ್‌ನವರು 100 ಎಂಬಿಪಿಎಸ್ ಪ್ಲಾನ್ ಹಾಕಿಸಿ ಅಂತಾರೆ. ಅಂಗಡಿಯವರು ನಾಲ್ಕು ಆಂಟೆನಾ ಇರುವ 4,500 ರೂಪಾಯಿಯ ರೂಟರ್ ತೋರಿಸುತ್ತಾರೆ. ಏನು ಮಾಡಲಿ ಸರ್?
(ಓದುಗರು, ಗುಳೇದಗುಡ್ಡ)

ಉತ್ತರ: ಅಕ್ಕಾರೆ, ಸದ್ಯಕ್ಕೆ ಎರಡನ್ನೂ ತಗೋಬೇಡಿ. ನಿಮ್ಮ ತೊಂದರೆ ಸ್ಪೀಡಿನದಲ್ಲ, ಗೋಡೆಯದು.

ಮೊದಲು ಲೆಕ್ಕ ನೋಡಿ. ಮಗಳ ಕ್ಲಾಸಿಗೆ 3-4 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಸ್ಪೀಡಿನ ಅಳತೆ) ಸಾಕು. ಟಿವಿಯಲ್ಲಿ ಎಚ್‌ಡಿ ಸಿನಿಮಾ ನೋಡಲು 5. ಉಳಿದ ಫೋನುಗಳಿಗೆ ಇನ್ನೊಂದು 6 ಹಿಡಿಯಿರಿ. ಎಲ್ಲ ಒಂದೇ ಹೊತ್ತಿಗೆ ನಡೆದರೂ 15 ದಾಟುವುದು ಕಷ್ಟ. 30 ಎಂಬಿಪಿಎಸ್ ಪ್ಲಾನ್ ಧಾರಾಳವಾಯಿತು. ಡೇಟಾ ಮುಗಿಯುವ ಚಿಂತೆಯೂ ಬೇಡ. ಇಂಥ ಫೈಬರ್ ಪ್ಲಾನುಗಳಲ್ಲಿ ತಿಂಗಳಿಗೆ 3,300 ಜಿಬಿವರೆಗೆ ಸ್ಪೀಡ್ ಇಳಿಯದಿರುವುದು ಸಾಮಾನ್ಯ. ದಿನಾ ಐದು ತಾಸು ಎಚ್‌ಡಿ ನೋಡಿದರೂ 450 ಜಿಬಿ ದಾಟುವುದಿಲ್ಲ.

ಬಿಲ್ಲಿನಲ್ಲಿ ಒಂದು ಮಾತು ನೆನಪಿಡಿ. ಜಾಹೀರಾತಿನಲ್ಲಿ ಕಾಣುವ ದರಕ್ಕೆ ಶೇ 18 ಜಿಎಸ್‌ಟಿ ಸೇರುತ್ತದೆ. 399 ಎಂದರೆ ಕೈಯಿಂದ ಹೋಗುವುದು 471. 449 ಎಂದರೆ 530, ಅಲ್ಲಿಗೆ ನಿಮ್ಮ ಬಜೆಟ್ ದಾಟಿತು.

ಖಣದ ವಿಡಿಯೊ ಕಳಿಸುವವರು ನೀವು. ಹಾಗಾಗಿ ಡೌನ್‌ಲೋಡ್ ಮಾತ್ರ ಅಲ್ಲ, ಅಪ್‌ಲೋಡ್ ಸ್ಪೀಡ್ ಎಷ್ಟು ಅಂತ ಕೇಳಲೇಬೇಕು. 50 ಎಂಬಿ ವಿಡಿಯೊ ಅಂದುಕೊಳ್ಳಿ, ಅಂದರೆ 400 ಮೆಗಾಬಿಟ್. ಅಪ್‌ಲೋಡ್ 30 ಇದ್ದರೆ 14 ಸೆಕೆಂಡಿನಲ್ಲಿ ಹೋಗುತ್ತದೆ. 5 ಇದ್ದರೆ 80 ಸೆಕೆಂಡ್. ಗಿರಾಕಿ ಆ ಕಡೆ ಕಾಯುತ್ತಾ ಕೂತಾಗ ಇದು ದೊಡ್ಡ ವ್ಯತ್ಯಾಸ.

ಈಗ ಗೋಡೆಗೆ ಬರೋಣ. ವಿಜಯಪುರದಲ್ಲಿ ನಮ್ಮ ಅಜ್ಜನ ಮನೆಯ ಗೋಡೆ ಒಂದೂವರೆ ಮೊಳ ದಪ್ಪ. ಅಲ್ಲಿ 30ರ ಪ್ಲಾನ್ ಹಾಕಿಸಿ ಫೋನ್ ಹಿಡಿದುಕೊಂಡು ಅಳೆಯುತ್ತಾ ಹೋದೆ. ಪಡಸಾಲೆಯಲ್ಲಿ 28 ಬಂತು. ನಡುಮನೆಯ ಬಾಗಿಲಲ್ಲಿ ನಿಂತರೆ 19. ಒಳಗೆ ಹೋಗಿ ಗೋಡೆಯ ಮರೆಗೆ ಕೂತರೆ 3. ಎರಡೇ ಹೆಜ್ಜೆಯ ಅಂತರ ಅದು. ದುಬಾರಿ ರೂಟರ್ ತಂದೆ. 3 ಇದ್ದದ್ದು 6 ಆಯಿತು. ಸಾವಿರಾರು ರೂಪಾಯಿಗೆ ಸಿಕ್ಕಿದ್ದು ಇಷ್ಟು. ನಾನು ಪ್ಲಾನನ್ನು 100ಕ್ಕೆ ಏರಿಸಿದ್ದರೂ ಆ ಕೋಣೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಗೋಡೆ ತಡೆದಮೇಲೆ ಹಿಂದೆ ಎಷ್ಟಿದ್ದರೇನು?

ರೂಟರ್‌ನಲ್ಲಿ ಎರಡು ಹೆಸರಿನ ವೈಫೈ ಕಾಣುತ್ತದಲ್ವಾ, 5ಜಿ ಅಂತ ಬರೆದದ್ದು ಒಂದು, ಬರೆಯದ್ದು ಒಂದು. ಈ 5ಜಿ ಮೊಬೈಲ್ ಟವರಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಅದರ ಸ್ಪೀಡ್ ಜಾಸ್ತಿ, ಆದರೆ ಗೋಡೆ ಎದುರಾದರೆ ಸೋಲುತ್ತದೆ. 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಅದೇ ವಾಸಿ. ಹಿಂದಿನ ಕೋಣೆಯಲ್ಲಿ ಮಗಳಿಗೆ 2.4 ಹಾಕಿಕೊಡಿ. ಟಿವಿ ರೂಟರ್ ಪಕ್ಕದಲ್ಲೇ ಇದ್ದರೆ ಅದಕ್ಕೆ 5.

ಕೊನೆಗೆ ನಮ್ಮ ಅಜ್ಜನ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಒಂದು ವೈರು. 15 ಮೀಟರ್ ಲ್ಯಾನ್ ಕೇಬಲ್ (ರೂಟರಿಗೆ ಚುಚ್ಚುವ ತಾಮ್ರದ ನೆಟ್ ವೈರ್) ತಂದು, ಪಡಸಾಲೆಯ ರೂಟರಿನಿಂದ ಬೆಳಕಿಂಡಿಯ ಮೂಲಕ ಒಳಗೆ ಇಳಿಸಿದೆ. ಆ ತುದಿಗೆ ಮನೆಯಲ್ಲಿ ಸುಮ್ನೆ ಬಿದ್ದಿದ್ದ ಹಳೇ ರೂಟರ್ ಹಚ್ಚಿ ಆ್ಯಕ್ಸೆಸ್ ಪಾಯಿಂಟ್ ಮಾಡಿದೆ, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ಅಲ್ಲಿ ವೈಫೈ ಆಗಿ ಹರಡುವ ಡಬ್ಬಿ. ಮೂರು ಇದ್ದ ಕಡೆ 27 ಬಂತು! ನಿಮಗೂ ಇದನ್ನೇ ಹೇಳುತ್ತೇನೆ. ಕ್ಯಾಟ್ 6 ಎಂಬ ಲ್ಯಾನ್ ಕೇಬಲ್ ಮೀಟರಿಗೆ 20 ರೂಪಾಯಿ ಆಸುಪಾಸು. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ವೈರ್ ಬಾಗಿಸಿದರೆ ಮುರಿಯುತ್ತದೆ. ಹಳೇ ರೂಟರ್ ಇಲ್ಲದಿದ್ದರೆ ಒಂದು ಸಾದಾ ರೂಟರ್ ಕೊಳ್ಳಿ. 4,500 ಖರ್ಚು ಮಾಡುವ ಕಡೆ ಒಂದೂವರೆ-ಎರಡು ಸಾವಿರದೊಳಗೆ ಕೆಲಸ ಮುಗಿಯುತ್ತದೆ.

ಇದಕ್ಕೂ ಮೊದಲು ದುಡ್ಡಿಲ್ಲದೆ ಆಗುವ ಕೆಲಸ ಒಂದಿದೆ. ಕಂಪನಿಯವರೇ ಕೊಡುವ ಫೈಬರ್ ಡಬ್ಬಿಯಲ್ಲಿ ಸಾಮಾನ್ಯವಾಗಿ ವೈಫೈ ಇರುತ್ತದೆ. ಕನೆಕ್ಷನ್ ಕೊಡಲು ಬಂದವರು ಬಾಗಿಲ ಪಕ್ಕ ಮೊಳೆ ಹೊಡೆದು ಅದನ್ನು ಅಲ್ಲೇ ನೇತುಹಾಕಲು ನೋಡುತ್ತಾರೆ. ಬಿಡಬೇಡಿ. ಪಡಸಾಲೆ ಮತ್ತು ಕೋಣೆಗಳ ನಡುವಿನ ಬಾಗಿಲ ನೇರಕ್ಕೆ, ಆಳೆತ್ತರದಲ್ಲಿ ಕೂರಿಸಲು ಹೇಳಿ. ತಿಜೋರಿಯ ಹಿಂದೆ, ಟಿವಿಯ ಹಿಂದೆ ಬೇಡ. ಒಳಗೆ ಎಳೆಯುವ ತೆಳ್ಳನೆಯ ಫೈಬರ್ ವೈರನ್ನು ಮೂಲೆಯಲ್ಲಿ ಮಡಚಬಾರದು, ದೊಡ್ಡದಾಗಿ ಬಳಸಿ ತರಬೇಕು. ಒಳಗಿರುವುದು ಗಾಜಿನ ಎಳೆ, ಮಡಚಿದರೆ ಬೆಳಕು ಸೋರುತ್ತದೆ. ಮುಂದೆ ಯಾವತ್ತಾದರೂ ನೆಟ್ ನಿಂತು ಡಬ್ಬಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕಿದರೆ ಫೈಬರ್ ಕಡಿದಿದೆ ಅಥವಾ ಮಡಚಿದೆ ಎಂದರ್ಥ. ಆಗ ಆಫ್-ಆನ್ ಮಾಡುತ್ತಾ ಕೂರಬೇಡಿ, ನೇರ ಲೈನ್‌ಮನ್‌ಗೆ ಫೋನ್ ಮಾಡಿ.

ಕರೆಂಟಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕರೆಂಟ್ ಹೋದಾಗ ರೂಟರ್ ನಡೆಸುವ ಮಿನಿ ಯುಪಿಎಸ್ ಸಾವಿರ-ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಆದರೆ ಕೊಳ್ಳುವ ಮುಂಚೆ ಕೇಬಲ್‌ನವರಿಗೆ ಒಂದು ಪ್ರಶ್ನೆ ಹಾಕಿ: 'ನಿಮ್ಮ ಆಫೀಸಿನಿಂದ ನಮ್ಮ ಮನೆವರೆಗೂ ಫೈಬರ್ ಬರುತ್ತದಾ, ಅಥವಾ ಕಂಬದ ಮೇಲಿನ ಡಬ್ಬಿಯಿಂದ ಈಚೆಗೆ ಲ್ಯಾನ್ ವೈರಾ?' ಪೂರ್ತಿ ಫೈಬರ್ ಆದರೆ ದಾರಿಯ ಮಧ್ಯೆ ಎಲ್ಲೂ ಕರೆಂಟ್ ಬೇಕಿಲ್ಲ. ಲ್ಯಾನ್ ವೈರಾದರೆ ಕಂಬದ ಡಬ್ಬಿಗೆ ಕರೆಂಟ್ ಬೇಕು. ಓಣಿಯ ಕರೆಂಟ್ ಹೋದರೆ ನಿಮ್ಮ ಯುಪಿಎಸ್ ಇದ್ದೂ ಉಪಯೋಗವಿಲ್ಲ. ಇನ್ನೊಂದು ಭಯವೂ ಇದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ತಾಮ್ರದ ವೈರ್ ಹಿಡಿದು ಮನೆಯೊಳಗೆ ಬಂದು ರೂಟರ್ ಸುಡುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಅದಕ್ಕೇ ದರ ಒಂದೇ ಇದ್ದರೆ ಕಣ್ಣು ಮುಚ್ಚಿ ಫೈಬರ್ ಹಾಕಿಸಿ.

ಯಾವ ಕಂಪನಿ ಅಂತ ಕೇಳಿದರೆ, ನಿಮ್ಮ ಓಣಿಯಲ್ಲಿ ಲೈನ್ ಕಡಿದ ದಿನ ಯಾರು ಬೇಗ ಬರುತ್ತಾರೋ ಅವರದು. ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ವಿಚಾರಿಸಿ. ವರ್ಷದ ದುಡ್ಡು ಒಮ್ಮೆಲೇ ಕಟ್ಟಬೇಡಿ. ಎರಡು ತಿಂಗಳು ನೋಡಿ ಆಮೇಲೆ ಯೋಚಿಸಿ. ಡಬ್ಬಿಗೆ ಡಿಪಾಸಿಟ್ ಇಸಿದುಕೊಂಡರೆ ರಸೀದಿ ಕೇಳಿ ಪಡೆಯಿರಿ.

ಪ್ರಶ್ನೆ: ಇಂಡಿ ಹತ್ತಿರ ನಿಂಬೆ ತೋಟದಲ್ಲೇ ನಮ್ಮ ಮನೆ. ಊರೊಳಗೆ ಫೈಬರ್ ಇದೆ, ಅಲ್ಲಿಂದ ತೋಟಕ್ಕೆ ಎರಡು ಕಿಲೋಮೀಟರ್. ಸಿಮ್ ಹಾಕುವ ರೂಟರ್ ತಗೊಳ್ಳಲಾ?
(ಓದುಗರು, ಇಂಡಿ ತಾಲ್ಲೂಕು)

ಉತ್ತರ: ಮೊದಲು ಫೋನಿನಲ್ಲೇ ಪರೀಕ್ಷೆ ಮಾಡಿ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಹಿಡಿದು ಮೂರು ದಿನ ಬೆಳಿಗ್ಗೆ 7ಕ್ಕೆ, ರಾತ್ರಿ 9ಕ್ಕೆ ಮಾಳಿಗೆಯ ಒಂದೇ ಜಾಗದಲ್ಲಿ ಸ್ಪೀಡ್ ನೋಡಿ. ರಾತ್ರಿ ಊರವರೆಲ್ಲ ಅದೇ ಟವರ್ ಮೇಲಿರುತ್ತಾರೆ, ನಿಜ ತಿಳಿಯುವುದು ಆಗಲೇ. ರಾತ್ರಿ 10 ಎಂಬಿಪಿಎಸ್ ಉಳಿದರೆ ಸಿಮ್ ರೂಟರ್ ತಗೊಂಡು ಟವರ್ ಕಡೆಯ ಕಿಟಕಿಯಲ್ಲಿಡಿ. ಒಳ್ಳೆಯ 5ಜಿ ಸಿಗ್ನಲ್ ಇದ್ದರೆ ಏರ್‌ಫೈಬರ್ (ವೈರಿಲ್ಲದೆ ಟವರಿನ 5ಜಿಯಿಂದಲೇ ಮನೆಗೆ ವೈಫೈ ಕೊಡುವ ಸೇವೆ) ಕೇಳಿ ನೋಡಿ, ಆದರೆ ಅದರ ಡೇಟಾ ಮಿತಿ ಫೈಬರ್‌ಗಿಂತ ಕಡಿಮೆ ಇರುತ್ತದೆ.

ಎರಡೂ ಆಗದಿದ್ದರೆ ಎರಡು ಕಿಲೋಮೀಟರ್ ಫೈಬರ್ ಎಳೆಸುವುದು ಹುಚ್ಚು ಯೋಚನೆ ಏನಲ್ಲ. ಲ್ಯಾನ್ ವೈರ್ 100 ಮೀಟರ್ ದಾಟಬಾರದು, ಫೈಬರ್ ಮಾತ್ರ 20 ಕಿಲೋಮೀಟರ್‌ವರೆಗೂ ಬರುತ್ತದೆ. ದಾರಿಯಲ್ಲಿರುವ ತೋಟದ ಮನೆಗಳವರನ್ನು ಕೂಡಿಸಿಕೊಂಡು ಹೋಗಿ ಕೇಳಿದರೆ ಖರ್ಚು ಹಂಚಿಹೋಗುತ್ತದೆ. ಹೊಲದಲ್ಲಿ ಹೂಳಿಸಬೇಡಿ, ನೇಗಿಲಿಗೆ ಸಿಕ್ಕು ಕಡಿಯುತ್ತದೆ. ಬದುವಿನ ಗುಂಟ ಕಂಬ ನೆಟ್ಟು, ಬಣವೆ ಹೇರಿದ ಟ್ರ್ಯಾಕ್ಟರ್ ಕೆಳಗೆ ದಾಟುವಷ್ಟು ಎತ್ತರದಲ್ಲಿ ಎಳೆಸಿ.