8 ವರ್ಷದ ಮಗುವಿನ ಹಲ್ಲಿನ ಸಂದಿಗೆ ರಬ್ಬರ್ ಬ್ಯಾಂಡ್ ಬೇಡ

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಮೇಲಿನ ಎರಡು ಮುಂಬಾಚಿ ಹಲ್ಲುಗಳ ನಡುವೆ ಸಂದಿ ಇದೆ, ಅವುಗಳ ಪಕ್ಕದವು ಹೊರಕ್ಕೆ ವಾಲಿವೆ. ಎರಡೂ ಹಲ್ಲಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ತಿಂಗಳಲ್ಲಿ ಸಂದಿ ಮುಚ್ಚುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಹಾಕಬಹುದೇ? (ಓದುಗರು, ಸೋಮವಾರಪೇಟೆ)

ಉತ್ತರ: ಹಾಕಬೇಡಿ. ಈಗಾಗಲೇ ಹಾಕಿದ್ದರೆ ಈ ಬರಹವನ್ನು ಮುಂದೆ ಓದುವ ಮೊದಲು ಮಗುವನ್ನು ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಹಲ್ಲಿನ ಬೇರು ತುದಿಯತ್ತ ಸಪೂರವಾಗುತ್ತ ಹೋಗುವುದರಿಂದ ಬ್ಯಾಂಡ್ ಕ್ರಮೇಣ ಮೇಲಕ್ಕೆ ಜಾರಿ ವಸಡಿನೊಳಗೆ ಸೇರಿಕೊಳ್ಳುತ್ತದೆ. ಎಲ್ಲೋ ಬಿದ್ದುಹೋಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ಅದು ಒಳಗೇ ಕುಳಿತು ಬೇರಿನ ಸುತ್ತಲಿನ ಎಲುಬನ್ನು ಹಾಳುಮಾಡುತ್ತದೆ. ಆರೋಗ್ಯವಾಗಿದ್ದ ಎರಡು ಶಾಶ್ವತ ಹಲ್ಲುಗಳು ಹೀಗೆ ಅಲುಗಾಡಿ ಬಿದ್ದುಹೋಗಬಹುದು. ಮಡಿಕೇರಿಯಿಂದ ಕುಟ್ಟದವರೆಗೆ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಈ ಸಲಹೆ ಕೊಡುವವರೂ ಕಡಿಮೆಯಾಗಿಲ್ಲ. ಆದ್ದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸುತ್ತೇನೆ.

ಸಂದಿಯಿಲ್ಲದ, ತಿರುಚಿಕೊಳ್ಳದ, ಒಂದಕ್ಕೊಂದು ತಾಗಿ ನಿಂತ ಹಲ್ಲಿನ ಸಾಲು ಬೆಳೆದವರ ಬಾಯಿಯ ಲಕ್ಷಣ. 1972ರಲ್ಲಿ ಅಮೆರಿಕದ ದಂತತಜ್ಞ ಲಾರೆನ್ಸ್ ಆಂಡ್ರೂಸ್ ಸಹಜ ಕಚ್ಚಿಗೆ (ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ರೀತಿಗೆ) ಆರು ಲಕ್ಷಣಗಳನ್ನು ಹೇಳಿದ್ದು, ಕ್ಲಿಪ್ ಚಿಕಿತ್ಸೆಯಿಲ್ಲದೆಯೇ ಚೆನ್ನಾಗಿ ಕೂಡಿದ್ದ 120 ಜನರ ಶಾಶ್ವತ ಹಲ್ಲುಗಳ ಅಚ್ಚುಗಳನ್ನು ನೋಡಿ. ಆ ಅಳತೆಯನ್ನು ಹಾಲುಹಲ್ಲೂ ಶಾಶ್ವತ ಹಲ್ಲೂ ಬೆರೆತಿರುವ 8 ವರ್ಷದ ಬಾಯಿಗೆ ಹಚ್ಚುವುದೇ ತಪ್ಪು. ಈ ವಯಸ್ಸಿನಲ್ಲಿ ಮೇಲಿನ ಕೋರೆಹಲ್ಲುಗಳು ಇನ್ನೂ ಎಲುಬಿನೊಳಗಿದ್ದು, ಇಳಿದು ಬರುತ್ತ ಪಕ್ಕದ ಬಾಚಿಹಲ್ಲುಗಳ ಬೇರನ್ನು ಒಳಕ್ಕೆ ಒತ್ತುತ್ತಿರುತ್ತವೆ. ಬೇರು ಒಳಕ್ಕೆ ಸರಿದಾಗ ಹೊರಗೆ ಕಾಣುವ ಭಾಗ ಹೊರಕ್ಕೆ ವಾಲುತ್ತದೆ, ನಡುವೆ ಸಂದಿ ಬೀಳುತ್ತದೆ. 11–12ರ ವೇಳೆಗೆ ಕೋರೆಹಲ್ಲು ಹೊರಬಂದಾಗ ಒತ್ತಡ ಬೇರಿನಿಂದ ಹಲ್ಲಿನ ಹೊರಗೆ ಕಾಣುವ ಭಾಗಕ್ಕೆ ಬದಲಾಗಿ, 2 ಮಿ.ಮೀ.ವರೆಗಿನ ಸಂದಿ ಸಾಮಾನ್ಯವಾಗಿ ತಾನಾಗಿ ಮುಚ್ಚುತ್ತದೆ. ಅದಕ್ಕೂ ದೊಡ್ಡದಿದ್ದರೆ, ನಡುವೆ ಹೆಚ್ಚುವರಿ ಹಲ್ಲೇನಾದರೂ ಹುದುಗಿದೆಯೇ ಎಂದು ಎಕ್ಸ್-ರೇಯಲ್ಲಿ ನೋಡಬೇಕಾಗುತ್ತದೆ. ಮೇಲ್ದುಟಿಯನ್ನು ಒಳಗಿನಿಂದ ವಸಡಿಗೆ ಜೋಡಿಸುವ ಎಳೆಯನ್ನು ಈಗಲೇ ಕತ್ತರಿಸಿಬಿಡಿ ಎನ್ನುವವರ ಮಾತನ್ನೂ ಕೇಳಬೇಡಿ. ಆ ತೀರ್ಮಾನ ಕೋರೆಹಲ್ಲು ಬಂದ ಮೇಲಿನದು.

ನೀವು ನೋಡಬೇಕಾದದ್ದು ಹಿಂದಿನ ಹಲ್ಲುಗಳನ್ನು. ಹಗಲು ಬೆಳಕಿನಲ್ಲಿ ಮಗಳನ್ನು ಕೂರಿಸಿ, ಉಗುಳು ನುಂಗಿ ಹಿಂದಿನ ಹಲ್ಲು ಕಚ್ಚಲು ಹೇಳಿ, ಬೆರಳಿನಿಂದ ಕೆನ್ನೆಯನ್ನು ಸರಿಸಿ. ಸಾಲಿನ ನಡುವಿನಿಂದ ಎಣಿಸಿದರೆ ಆರನೆಯದು ಶಾಶ್ವತ ದವಡೆಹಲ್ಲು. ಅದು ಸುಮಾರು 6ನೇ ವಯಸ್ಸಿಗೆ ಯಾವ ಹಾಲುಹಲ್ಲೂ ಬೀಳದೆ ಹಿಂದೆ ಹುಟ್ಟುವುದರಿಂದ ಅನೇಕರು ಅದನ್ನು ಹಾಲುಹಲ್ಲೆಂದೇ ತಿಳಿದು ಹುಳುಕಾಗಲು ಬಿಡುತ್ತಾರೆ. ಬೆಳೆದವರಲ್ಲಿ ಮೇಲಿನ ಈ ಹಲ್ಲಿನ ಹೊರಬದಿಯ ಮುಂದಿನ ಮೊನೆ, ಕೆಳಗಿನ ಜೊತೆಯ ಹಲ್ಲಿನ ಹೊರಬದಿಯ ಗೀರಿನಲ್ಲಿ ಕೂರಬೇಕು. 1899ರಲ್ಲಿ ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ ಕಚ್ಚಿನ ವರ್ಗೀಕರಣವನ್ನು ಕಟ್ಟಿದ್ದೇ ಇದರ ಮೇಲೆ. ನಿಮ್ಮ ಮಗಳಲ್ಲಿ ಮೊನೆಗೆ ಮೊನೆ ತಾಗಿದಂತೆ ಕಂಡರೂ ಈಗಲೇ ಗಾಬರಿ ಬೇಡ. ಹಾಲು ದವಡೆಹಲ್ಲುಗಳು ಅವುಗಳ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳಿಗಿಂತ ಅಗಲ. ಈ ವ್ಯತ್ಯಾಸದಿಂದ ಕೆಳಸಾಲಿನ ಒಂದೊಂದು ಬದಿಯಲ್ಲಿ ಸುಮಾರು 1.7 ಮಿ.ಮೀ., ಮೇಲೆ ಸುಮಾರು 0.9 ಮಿ.ಮೀ. ಜಾಗ ಉಳಿಯುತ್ತದೆ. ಹಾಲುಹಲ್ಲು ಉದುರಿದಾಗ ಕೆಳಗಿನ ದವಡೆಹಲ್ಲು ಹೆಚ್ಚು ಮುಂದೆ ಸರಿದು ಸರಿಯಾದ ಜಾಗದಲ್ಲಿ ಕೂರುವುದು ಈ ಉಳಿಕೆಯಿಂದಲೇ.

ಕಾಯಬಾರದ ಸಂಗತಿಗಳೂ ಇವೆ. ಮೇಲಿನ ಮುಂಬಾಚಿ ಹಲ್ಲು ಕೆಳಗಿನದರ ಹಿಂದೆ ಕಚ್ಚುತ್ತಿದ್ದರೆ, ಬಾಯಿ ಮುಚ್ಚುವಾಗ ಗದ್ದ ಒಂದು ಪಕ್ಕಕ್ಕೆ ಜಾರುತ್ತಿದ್ದರೆ, ಕೆಳಗಿನ ಹಲ್ಲು ಅಂಗುಳಕ್ಕೆ ಚುಚ್ಚುತ್ತಿದ್ದರೆ, ಒಂದು ಮುಂಬಾಚಿ ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಬಾರದಿದ್ದರೆ, 10 ತುಂಬಿದರೂ ಮೇಲಿನ ವಸಡಿನಲ್ಲಿ ಕೋರೆಹಲ್ಲಿನ ಉಬ್ಬು ಬೆರಳಿಗೆ ಸಿಗದಿದ್ದರೆ, ಮಳೆ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ ಎಂದು ಮುಂದೂಡದೆ ಆರ್ಥೊಡಾಂಟಿಸ್ಟರಿಗೆ (ಹಲ್ಲಿನ ಸಾಲು ಸರಿಪಡಿಸುವ ತಜ್ಞರಿಗೆ) ತೋರಿಸಿ. ಇಂಥ ಮಕ್ಕಳು ಒಂದೆರಡು ವರ್ಷ ತಡವಾಗಿ ಬಂದಾಗ, ಸುಲಭದಲ್ಲಿ ಮುಗಿಯಬಹುದಾಗಿದ್ದ ಚಿಕಿತ್ಸೆ ದೀರ್ಘವಾಗುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಹೇಗೂ ಬೀಳುವ ಹುಳುಕು ಹಾಲುಹಲ್ಲನ್ನು ಸಂತೆಯಲ್ಲಿ ಹಲ್ಲು ಕೀಳುವವರಿಂದ ತೆಗೆಸಿದರೆ ಸಾಲದೇ? (ನಾಪೋಕ್ಲು)

ಉತ್ತರ: ಸಾಲದು. ಅಂಥವರ ಕೈಗೆ ಮಗುವಿನ ಬಾಯಿಯನ್ನು ಕೊಡಲೇಬೇಡಿ. ಮೇಲೆ ಹೇಳಿದ ಜಾಗವನ್ನು ಕಾಯುತ್ತಿರುವುದೇ ಆ ಹಲ್ಲು. ಅದು ವೇಳೆಗೆ ಮೊದಲೇ ಹೋದರೆ ಹಿಂದಿನ ದವಡೆಹಲ್ಲು ಮುಂದಕ್ಕೆ ವಾಲಿ ಹೊಸ ಹಲ್ಲಿನ ದಾರಿ ಮುಚ್ಚುತ್ತದೆ. ಉಳಿಸಿಕೊಳ್ಳಲು ಸಾಧ್ಯವಿದ್ದರೆ ಉಳಿಸಿಕೊಳ್ಳಿ, ತೆಗೆಯಲೇಬೇಕಾದರೆ ಜಾಗ ಕಾಯುವ ಸಾಧನ ಬೇಕೇ ಎಂದು ವೈದ್ಯರನ್ನು ಕೇಳಿ.

ಪ್ರಶ್ನೆ: ಉಬ್ಬುಹಲ್ಲನ್ನು ದಿನಾ ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆಯೇ? (ಕುಶಾಲನಗರ)

ಉತ್ತರ: ಇಲ್ಲ.

ಪ್ರಶ್ನೆ: ನನಗೆ 28 ವರ್ಷ. ಕ್ಲಿಪ್ ಹಾಕಿಸಲು ವಯಸ್ಸು ಮೀರಿತೇ? ಅಂಚೆಯಲ್ಲಿ ಅಲೈನರ್ (ಹಲ್ಲು ಸರಿಸುವ ಪಾರದರ್ಶಕ ಕವಚ) ತರಿಸಿಕೊಳ್ಳಬಹುದೇ? (ಪೊನ್ನಂಪೇಟೆ)

ಉತ್ತರ: ವಸಡು ಮತ್ತು ಎಲುಬು ಆರೋಗ್ಯವಾಗಿದ್ದರೆ ವಯಸ್ಸು ಅಡ್ಡಿಯಲ್ಲ. ಆದರೆ ಎಕ್ಸ್-ರೇ ತೆಗೆಯದೆ, ಬಾಯಿಯನ್ನು ಕಣ್ಣಾರೆ ನೋಡದೆ ಯಾರೋ ಕಳುಹಿಸುವ ಅಲೈನರ್ ಅನ್ನು ನಾನು ಒಪ್ಪುವುದಿಲ್ಲ. ಅದನ್ನು ಹಾಕಿಕೊಂಡು ಮುಂದಿನ ನಾಲ್ಕು ಹಲ್ಲು ನೇರವಾಗಿ, ಹಿಂದಿನ ಹಲ್ಲುಗಳು ಒಂದನ್ನೊಂದು ಮುಟ್ಟದೆ ಅಗಿಯಲು ಕಷ್ಟಪಡುವವರಿಗೆ ಚಿಕಿತ್ಸೆಯನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ.